ಹನ್ನೊಂದರ ಸ್ಲಾಟ್

ಬೆಳಿಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ. ಫೆಬ್ರುವರಿಯ ಚಳಿ ಪೂರ್ತಿ ಬಿಟ್ಟಿಲ್ಲ. ಮರಗಳ ಕೆಳಗೆ ಸೈಕಲ್ ತುಳಿದುಕೊಂಡು ಒಬ್ಬಳು ಬರುತ್ತಿದ್ದಾಳೆ, ಹ್ಯಾಂಡಲ್ಲಿಗೆ ಐಸ್ ಬಕೆಟ್ ತೂಗುಹಾಕಿದ್ದಾಳೆ. ಹಾಸನದ ಕಡೆಯವಳು, ಪಿಎಚ್‌ಡಿಯ ಮೂರನೇ ವರ್ಷ, ವಿಷಯ ಇಮ್ಯುನಾಲಜಿ. ಇವತ್ತಿಡೀ ನೀವು ಅವಳ ಹಿಂದೆಯೇ ಸುತ್ತುತ್ತೀರಿ. ಸ್ವಲ್ಪ ಚುರುಕಾಗಿ ನಡೆಯಿರಿ. ಹನ್ನೊಂದು ಗಂಟೆಗೆ ಅವಳಿಗೆ ಕೋಶಗಳನ್ನು ಬೇರ್ಪಡಿಸುವ ಸೆಲ್ ಸಾರ್ಟರ್ ಯಂತ್ರದ ಸ್ಲಾಟ್ ಇದೆ. ಕಳೆದ ತಿಂಗಳೇ ಬುಕ್ ಮಾಡಿದ್ದು. ಇದು ತಪ್ಪಿದರೆ ಮುಂದಿನದು ಯಾವಾಗಲೋ.

ಮೊದಲ ನಿಲ್ದಾಣ ಅನಿಮಲ್ ಹೌಸ್. ನೀವು ಬಾಗಿಲಲ್ಲೇ ನಿಲ್ಲಬೇಕು, ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಅವಳು ಚಪ್ಪಲಿ ಬಿಟ್ಟು, ಗೌನು, ಟೋಪಿ, ಮಾಸ್ಕು, ಎರಡು ಜೊತೆ ಕೈಗವಸು ಹಾಕಿಕೊಂಡು ಮಾಯವಾಗುತ್ತಾಳೆ. ಗಾಜಿನಾಚೆ ಕಾಣುವುದು ಸಾಲು ಸಾಲು ಪಾರದರ್ಶಕ ಪಂಜರಗಳು. ಒಂದೊಂದಕ್ಕೂ ಶೋಧಿಸಿದ ಗಾಳಿ ಬೇರೆಯೇ ಹೋಗುತ್ತದೆ, ಬೇರೆಯೇ ಬರುತ್ತದೆ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು. ಭಾನುವಾರ, ಯುಗಾದಿ, ಬಂದ್ ಯಾವುದೂ ಇಲ್ಲಿಗೆ ಲೆಕ್ಕವಿಲ್ಲ. ಇಲಿಗೆ ಪ್ರತಿದಿನವೂ ನೀರು ಬೇಕು, ಯಾರಾದರೂ ಬಂದು ನೋಡಲೇಬೇಕು.

ನೋಡಿಕೊಳ್ಳುವವರು ಐವತ್ತು ದಾಟಿದ ಒಬ್ಬರು. ಮಾಸ್ಕಿನೊಳಗಿಂದ ಅವರ ಮಾತು ಕೇಳುತ್ತದೆ: "ಮೇಡಂ, ನಿಮ್ಮ ಮೂರನೇ ಪಂಜರದ್ದು ರಾತ್ರಿ ಮರಿ ಹಾಕಿದೆ, ಏಳು. ಇವತ್ತು ಅದರ ತಂಟೆಗೆ ಹೋಗಬೇಡಿ. ವಾಸನೆ ಬದಲಾದರೆ ತಾಯೇ ಮರೀನ ತಿಂದುಬಿಡುತ್ತೆ."

"ಇಲ್ಲಣ್ಣ, ನನಗೆ ಬೇಕಾಗಿರೋದು ಐದನೇದು."

ಅವಳ ಪ್ರಬಂಧದಲ್ಲಿ ಈ ಮಾತಿಗೆ ಜಾಗ ಸಿಗುವುದಿಲ್ಲ. ಆದರೆ ಆ ಏಳು ಮರಿ ಉಳಿಯದಿದ್ದರೆ ಜೂನ್ ತಿಂಗಳ ಪ್ರಯೋಗವೂ ಉಳಿಯುವುದಿಲ್ಲ.

ಐದನೇ ಪಂಜರದ ಇಲಿಗಳು ಇಲ್ಲಿಗೆ ಬರುವ ಮೊದಲು ಅರ್ಜಿಗಳು ಬಂದಿದ್ದವು. ಎಷ್ಟು ಇಲಿ, ಏತಕ್ಕೆ, ನೋವಿಲ್ಲದೆ ಹೇಗೆ ಮುಗಿಸುತ್ತೀರಿ ಎಂಬುದನ್ನೆಲ್ಲ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಮುಂದೆ ಹೇಳಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬರುವ ಈ ಸಮಿತಿಯಲ್ಲಿ ಪಶುವೈದ್ಯರು ಇರುತ್ತಾರೆ, ಹೊರಗಿನ ಸಂಸ್ಥೆಯ ವಿಜ್ಞಾನಿ ಇರುತ್ತಾರೆ, ವಿಜ್ಞಾನಕ್ಕೆ ಸಂಬಂಧವೇ ಇಲ್ಲದ ಒಬ್ಬ ಸಾಮಾಜಿಕ ಪ್ರತಿನಿಧಿಯೂ ಇರಲೇಬೇಕು. ಹತ್ತು ಸಾಕಾಗುವಲ್ಲಿ ಹನ್ನೆರಡು ಕೇಳಿದರೆ ಏಕೆ ಎಂಬ ಪ್ರಶ್ನೆ ಬರುತ್ತದೆ. ಬರಬೇಕಾದದ್ದೇ.

ಇಲಿಗಳ ವಂಶದ ಹೆಸರು ಸಿ57 ಬ್ಲ್ಯಾಕ್ 6. ಲ್ಯಾಬಿನವರ ಬಾಯಲ್ಲಿ ಬರೀ "ಬ್ಲ್ಯಾಕ್ ಸಿಕ್ಸ್". ಅಮೆರಿಕದ ಕ್ಲಾರೆನ್ಸ್ ಕುಕ್ ಲಿಟಲ್ 1921ರಲ್ಲಿ ಬೆಳೆಸಿದ ತಳಿ ಇದು. ಅವರೇ 1929ರಲ್ಲಿ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾಕ್ಸನ್ ಪ್ರಯೋಗಾಲಯ ತೆರೆದರು. 1947ರ ಅಕ್ಟೋಬರಿನಲ್ಲಿ ಆ ಊರಿರುವ ದ್ವೀಪಕ್ಕೆ ಕಾಡ್ಗಿಚ್ಚು ಬಿತ್ತು. ಪ್ರಯೋಗಾಲಯ ಸುಟ್ಟಿತು, ಇಲಿಗಳು ಹೆಚ್ಚುಕಡಿಮೆ ಎಲ್ಲವೂ ಸತ್ತವು. ಕಾಲು ಶತಮಾನ ಕಾದು ಕಟ್ಟಿದ ತಳಿಗಳು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಅಷ್ಟರೊಳಗೆ ಜಾಕ್ಸನ್‌ನವರು ಊರೂರಿನ ಪ್ರಯೋಗಾಲಯಗಳಿಗೆ ಇಲಿ ಕೊಟ್ಟಿದ್ದರು. ಕೊಂಡೊಯ್ದವರೆಲ್ಲ ತಮ್ಮಲ್ಲಿದ್ದ ಜೋಡಿಗಳನ್ನು ವಾಪಸು ಕಳಿಸಿಕೊಟ್ಟರು. ಬೀಗ ಹಾಕಿ ತಮ್ಮಲ್ಲೇ ಇಟ್ಟುಕೊಂಡಿದ್ದರೆ ಬೂದಿಯಷ್ಟೇ ಉಳಿಯುತ್ತಿತ್ತು.

ಎಂಟೂ ಕಾಲಿಗೆ ಲ್ಯಾಬಿನಲ್ಲಿದ್ದೀರಿ. ಇಲಿ ಸತ್ತಿದೆ, ನೋವಿಲ್ಲದೆ, ನಿಯಮದ ಪ್ರಕಾರ. ಅವಳು ಒಂದು ನಿಮಿಷ ಏನೂ ಮಾತಾಡಲಿಲ್ಲ, ನೀವೂ ಕೇಳಲಿಲ್ಲ. ಈಗ ಅವಳ ಮುಂದಿನ ತಟ್ಟೆಯಲ್ಲಿ ಗುಲ್ಮ, ಕಡುಗೆಂಪು, ಬೆರಳಿನ ತುದಿಯ ಗೆಣ್ಣಿಗಿಂತ ಉದ್ದವಿಲ್ಲ. ಅದನ್ನು ನೈಲಾನ್ ಜಾಲರಿಯ ಮೇಲಿಟ್ಟು ಸಿರಿಂಜಿನ ಹಿಂಬದಿಯಿಂದ ಸಾರಿಗೆ ಹುಣಸೆಹಣ್ಣು ಕಿವುಚಿದ ಹಾಗೆ ಕಿವುಚುತ್ತಾಳೆ. ನಾರೆಲ್ಲ ಮೇಲೆ ಉಳಿಯುತ್ತದೆ, ಕೋಶಗಳು ಕೆಳಗಿನ ಟ್ಯೂಬಿಗೆ ಇಳಿಯುತ್ತವೆ. ಅಮೋನಿಯಂ ಕ್ಲೋರೈಡ್ ಹಾಕಿದೊಡನೆ ಕೆಂಪು ರಕ್ತಕಣಗಳು ಒಡೆದು, ಕದಡಿದ ದ್ರವ ತಿಳಿಯಾಗುತ್ತದೆ. ಸೆಂಟ್ರಿಫ್ಯೂಜಿಗೆ ಹೋಗಿ ನೋಡಿದರೆ ಅದರಲ್ಲಿ ಯಾರದೋ ಟ್ಯೂಬುಗಳು ತಿರುಗುತ್ತಿವೆ, ಇನ್ನೂ ಹದಿನೆಂಟು ನಿಮಿಷ. ಐಸ್ ಬಕೆಟ್ ಎತ್ತಿಕೊಂಡು ಪಕ್ಕದ ಲ್ಯಾಬಿಗೆ ಓಡುತ್ತಾಳೆ. "ಐದು ನಿಮಿಷ ನಿಮ್ಮದು ಕೊಡ್ತೀರಾ?" ಅಲ್ಲಿದ್ದ ಹುಡುಗ ತಲೆ ಎತ್ತದೆ ಕೈಯಲ್ಲೇ ಸನ್ನೆ ಮಾಡುತ್ತಾನೆ. ಹಂಚಿಕೆಯ ಈ ಪದ್ಧತಿಗೆ ಬುಕಿಂಗ್ ಇಲ್ಲ, ಬಿಲ್ಲೂ ಇಲ್ಲ. ನಾಳೆ ಅವನಿಗೆ ಒಂದು ಎಂಎಲ್ ಸೀರಮ್ ಬೇಕಾಗುತ್ತದೆ, ಇವಳು ಕೊಡುತ್ತಾಳೆ.

ಈಗ ಒಂದು ಲೆಕ್ಕ. ಒಂದು ಇಲಿಯ ಗುಲ್ಮದಲ್ಲಿ ಸುಮಾರು 10 ಕೋಟಿ ಕೋಶಗಳು. ಇವಳಿಗೆ ಬೇಕಾದವು ರೆಗ್ಯುಲೇಟರಿ ಟಿ ಕೋಶಗಳು, ಅಂದರೆ ನಮ್ಮದೇ ದೇಹದ ಮೇಲೆ ಏರಿಹೋಗುವ ರೋಗನಿರೋಧಕ ಪಡೆಯನ್ನು ತಡೆದು ನಿಲ್ಲಿಸುವ ಕಾವಲುಗಾರರು. ಸಿಡಿ4 ಎಂಬ ಗುರುತಿರುವ ಟಿ ಕೋಶಗಳಲ್ಲಿ ಇವು ಹತ್ತಕ್ಕೊಂದು. 10 ಕೋಟಿಯಲ್ಲಿ ಎಲ್ಲ ಸೇರಿ 20 ಲಕ್ಷ ಇದ್ದರೆ ಹೆಚ್ಚು. ಸಾರ್ಟರ್ ಸೆಕೆಂಡಿಗೆ ಹತ್ತು ಸಾವಿರ ಕೋಶ ನೋಡುತ್ತದೆ ಎಂದಿಟ್ಟುಕೊಂಡರೂ 10 ಕೋಟಿಗೆ ಮೂರು ಗಂಟೆ ಹತ್ತಿರವಾಗುತ್ತದೆ. ಗಂಟೆಗಿಷ್ಟು ಎಂದು ದರ ಕೊಡಬೇಕು, ಹಿಂದೆ ಬೇರೆಯವರು ಕಾಯುತ್ತಿರುತ್ತಾರೆ. ಅದಕ್ಕೇ ಮೊದಲು ಅಯಸ್ಕಾಂತದ ಮಣಿಗಳನ್ನು ಬೆರೆಸಿ, ಬೇಡದವನ್ನು ಹಿಡಿದು, ಸಿಡಿ4 ಕೋಶಗಳನ್ನಷ್ಟೇ ಇಳಿಸಿಕೊಳ್ಳುತ್ತಾಳೆ. ಉಳಿದವು 2 ಕೋಟಿಯೂ ಇಲ್ಲ. ಸಾರ್ಟಿಗೆ ಅರ್ಧ ಗಂಟೆ ಸಾಕು.

ನಂತರ ಸ್ಟೇನಿಂಗ್. ದೀಪ ಆರಿಸಿ, ಐಸಿನ ಮೇಲೆ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳನ್ನು ಒಂದೊಂದು ಮೈಕ್ರೋಲೀಟರ್ ಹಾಕುತ್ತಾಳೆ. ಆ ಪುಟ್ಟ ಬಾಟಲಿಯ ಮೇಲಿನ ಬರಹ ನೋಡಿ: ಸಿಡಿ4. ಒಂದೇ ಗುರುತನ್ನು ಹಿಡಿಯುವ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ವಿದ್ಯೆಯನ್ನು ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೈನ್, ಜಾರ್ಜ್ ಕೋಹ್ಲರ್ 1975ರಲ್ಲಿ ಪ್ರಕಟಿಸಿದರು. ಪೇಟೆಂಟ್ ಆಗಲಿಲ್ಲ. ಕೇಳಿದವರಿಗೆ ಮಿಲ್‌ಸ್ಟೈನ್ ಕೋಶಗಳನ್ನೇ ಕಳಿಸಿಕೊಟ್ಟರು. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದರೆ ಎಲ್ಲರ ಕೈಗೂ ವಿದ್ಯೆ ಸಿಕ್ಕಿದ್ದರಿಂದ ಹೊಸ ತಲೆನೋವು ಶುರುವಾಗಿತ್ತು. ಒಂದೇ ಅಣುವಿಗೆ ಒಬ್ಬರದು ಟಿ4, ಇನ್ನೊಬ್ಬರದು ಲ್ಯೂ-3, ಮತ್ತೊಬ್ಬರದು ಓಕೆಟಿ4. ಕೊನೆಗೆ 1982ರಲ್ಲಿ ಪ್ಯಾರಿಸ್‌ನಲ್ಲಿ ಕುಳಿತರು. ಎಲ್ಲರ ಪ್ರತಿಕಾಯಗಳನ್ನೂ ಹೆಸರು ಮುಚ್ಚಿ, ಸಂಕೇತ ಕೊಟ್ಟು, ಬೇರೆ ಬೇರೆ ಪ್ರಯೋಗಾಲಯಗಳಿಗೆ ಹಂಚಿ, ಒಂದೇ ಥರ ವರ್ತಿಸಿದವನ್ನು ಒಂದು ಗುಂಪಿಗೆ ಸೇರಿಸಿದರು. ಆ ಮೂರೂ ಒಂದಾಗಿ ಸಿಡಿ4 ಆದದ್ದು ಹೀಗೆ. ಪಟ್ಟಿ ಈಗ 370 ದಾಟಿದೆ. ತಾನು ಕೊಟ್ಟ ಹೆಸರನ್ನು ಬಿಟ್ಟುಕೊಡುವುದು ವಿಜ್ಞಾನಿಗೆ ದುಡ್ಡು ಬಿಡುವುದಕ್ಕಿಂತ ಕಷ್ಟ, ಆದರೂ ಬಿಟ್ಟರು.

ಹತ್ತು ಐವತ್ತು. ಐಸ್ ಬಕೆಟ್ ಮೇಲೆ ಅಲ್ಯುಮಿನಿಯಂ ಹಾಳೆ ಮುಚ್ಚಿ ಓಟ.

ಸಾರ್ಟರ್ ಕೋಣೆ ಕೊರೆಯುವಷ್ಟು ತಣ್ಣಗಿದೆ. ಯಂತ್ರ ದೊಡ್ಡ ಫ್ರಿಜ್ಜನ್ನು ಅಡ್ಡ ಮಲಗಿಸಿದಷ್ಟು, ಬೆಲೆ ಕೋಟಿಯ ಮಾತು. ಯಾವ ಒಬ್ಬ ಪ್ರಾಧ್ಯಾಪಕರ ಅನುದಾನವೂ ಇದನ್ನು ಕೊಳ್ಳಲು, ಕೊಂಡರೂ ಸಾಕಲು ಸಾಲದು. ಅದಕ್ಕೇ ಇದು ಎಲ್ಲರದು. ಆಪರೇಟರ್ ಒಂಬತ್ತೂವರೆಗೇ ಬಂದು ಲೇಸರ್ ಬೆಚ್ಚಗೆ ಮಾಡಿ, ಹನಿಗಳ ಲೆಕ್ಕ ಸರಿಹೊಂದಿಸಿ ಕುಳಿತಿದ್ದಾರೆ. ಭುಜದ ಮೇಲೆ ಶಾಲು, ಕಣ್ಣು ಪರದೆಯ ಮೇಲೆ.

"ಅಕ್ಕ, ಇವತ್ತು ಕ್ಲಂಪ್ ಇಲ್ಲ. ಎರಡು ಸಲ ಫಿಲ್ಟರ್ ಮಾಡಿದೀನಿ."

"ಎಲ್ಲರೂ ಹಂಗೇ ಹೇಳೋದು. ಇನ್ನೊಂದು ಸಲ ನನ್ನೆದುರಿಗೆ ಮಾಡು."

ಅವರು ಹಾಗೆನ್ನಲು ಕಾರಣವಿದೆ. ಕೋಶಗಳು ಹೊರಬರುವ ನಾಝಲ್ಲಿನ ತೂತು 70 ಮೈಕ್ರಾನ್, ಅಂದರೆ ಒಂದು ಕೂದಲಿನ ದಪ್ಪ. ಅದರೊಳಗಿಂದ ಉಪ್ಪುನೀರಿನ ಎಳೆ ಜೋರಾಗಿ ಚಿಮ್ಮುತ್ತದೆ, ಕೋಶಗಳು ಅದರೊಳಗೆ ಒಂದರ ಹಿಂದೊಂದು ಸಾಲುಗಟ್ಟುತ್ತವೆ. ನೀಲಿ ಲೇಸರಿನ ಮುಂದೆ ಹಾದಾಗ ಯಾವುದು ಹೊಳೆಯಿತು, ಯಾವ ಬಣ್ಣ, ಎಷ್ಟು ಎಂದು ಯಂತ್ರ ಅಳೆಯುತ್ತದೆ. ಅದೇ ಹೊತ್ತಿಗೆ ಎಳೆ ಸೆಕೆಂಡಿಗೆ ಸುಮಾರು 90,000 ಹನಿಗಳಾಗಿ ಒಡೆಯುತ್ತಿರುತ್ತದೆ. ಬೇಕಾದ ಕೋಶವಿರುವ ಹನಿಗೆ ವಿದ್ಯುತ್ ಆವೇಶ ಕೊಟ್ಟರೆ, ಕೆಳಗಿನ ಎರಡು ಲೋಹದ ಫಲಕಗಳ ನಡುವೆ ಅದು ಪಕ್ಕಕ್ಕೆ ಬಾಗಿ ಟ್ಯೂಬಿಗೆ ಬೀಳುತ್ತದೆ. ಉಳಿದದ್ದು ನೇರ ಕೆಳಗೆ, ಕಸಕ್ಕೆ. ಲೇಸರ್ ದಾಟಿದ ಕೋಶ ಯಾವ ಹನಿಗೆ ಸೇರುತ್ತದೆ ಎಂಬ ಲೆಕ್ಕ ಒಂದು ಹನಿಯಷ್ಟು ತಪ್ಪಿದರೂ ಟ್ಯೂಬಿನಲ್ಲಿ ಬೇರೆಯವೇ ತುಂಬಿರುತ್ತವೆ.

ಈ ಯಂತ್ರವೂ ಒಬ್ಬರ ತಲೆಯಿಂದ ಬಂದದ್ದಲ್ಲ. ಶಾಯಿಯನ್ನು ಹನಿಹನಿಯಾಗಿ ಬಾಗಿಸಿ ಬರೆಯುವ ಯಂತ್ರವನ್ನು ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಮಾಡಿದ್ದರು. ಅಣುಬಾಂಬ್ ತಯಾರಾದ ಲಾಸ್ ಅಲಾಮೋಸ್‌ನಲ್ಲಿದ್ದ ಮ್ಯಾಕ್ ಫುಲ್ವೈಲರ್ ಅದನ್ನು ಕೋಶಗಳಿಗೆ ಅಳವಡಿಸಿ 1965ರಲ್ಲಿ ಮೊದಲ ಸಾರ್ಟರ್ ಕಟ್ಟಿದರು. ಅದು ಕೋಶದ ಗಾತ್ರವನ್ನಷ್ಟೇ ನೋಡುತ್ತಿತ್ತು. ಸ್ಟ್ಯಾನ್‌ಫರ್ಡ್‌ನ ಲಿಯೊನಾರ್ಡ್ ಹರ್ಜೆನ್‌ಬರ್ಗ್ ಅದರ ನಕ್ಷೆಗಳನ್ನು ಕೇಳಿ ತಂದು, ಎಂಜಿನಿಯರುಗಳನ್ನು ಕೂರಿಸಿಕೊಂಡು, ಹೊಳಪನ್ನು ನೋಡಿ ಬೇರ್ಪಡಿಸುವ ಯಂತ್ರ ಮಾಡಿದರು.

ಪರದೆಯ ಮೇಲೆ ಚುಕ್ಕಿಗಳು ಮುತ್ತಿಕೊಳ್ಳುತ್ತಿವೆ. ಒಂದೊಂದು ಚುಕ್ಕಿ ಒಂದೊಂದು ಕೋಶ. ಸತ್ತವನ್ನು ಬಿಡು, ಜೋಡಿ ಅಂಟಿಕೊಂಡವನ್ನು ಬಿಡು, ಸಿಡಿ4 ಇದ್ದವನ್ನು ಇಟ್ಟುಕೋ, ಅದರೊಳಗೆ ಹಸಿರು ಹೊಳೆಯುವವನ್ನು ಹಿಡಿ. ಒಂದರೊಳಗೊಂದು ಪೆಟ್ಟಿಗೆ ಎಳೆಯುತ್ತ ಹೋಗುತ್ತಾರೆ. ಇದಕ್ಕೆ ಗೇಟ್ ಹಾಕುವುದು ಎನ್ನುತ್ತಾರೆ. ಕೊನೆಯ ಗೇಟ್ ಹುಡುಗಿಯೇ ಎಳೆದಳು.

"ದೊಡ್ಡದಾಯ್ತು ಕಣೆ. ಎಡಗಡೆ ಇರೋದು ಅರೆಹಸಿರು, ಅದು ನಿನ್ನದಲ್ಲ. ಒಂದು ಲಕ್ಷ ಕಡಿಮೆ ಬಂದ್ರೂ ಪರವಾಗಿಲ್ಲ, ಶುದ್ಧ ಬರಲಿ."

ಪೆಟ್ಟಿಗೆ ಚಿಕ್ಕದಾಯಿತು. ಹತ್ತು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಎಳೆ ಸಣ್ಣಗೆ ನಡುಗಿತು. ನಿಮಗೆ ಕಾಣಲಿಲ್ಲ, ಅವರಿಗೆ ಕಂಡಿತು. ತಕ್ಷಣ ನಿಲ್ಲಿಸಿದರು. ಕೋಶಗಳ ಯಾವುದೋ ಗಂಟು ಬಂದು ತೂತಿಗೆ ಅಡ್ಡ ಕೂತಿದೆ. ನಾಝಲ್ ಬಿಚ್ಚಿ, ನೀರಿನಲ್ಲಿಟ್ಟು ಸೋನಿಕೇಟರಿನಲ್ಲಿ ಅಲುಗಾಡಿಸಿ, ಮತ್ತೆ ಕೂರಿಸಿ, ಹನಿಗಳ ಲೆಕ್ಕ ಮೊದಲಿನಿಂದ. ಹುಡುಗಿ ಗಡಿಯಾರ ನೋಡುತ್ತಾಳೆ. "ನೋಡಬೇಡ, ಮುಂದಿನವನಿಗೆ ನಾನು ಹೇಳ್ತೀನಿ." ಹನ್ನೆರಡೂ ಮುಕ್ಕಾಲಿಗೆ ಟ್ಯೂಬಿನಲ್ಲಿ 8 ಲಕ್ಷ ಕೋಶ, ಶುದ್ಧತೆ ನೂರಕ್ಕೆ 97.

ಟ್ಯೂಬಿನ ತಳದಲ್ಲಿ ಒಂದು ಹನಿಯಷ್ಟೂ ಕಾಣದ ಈ ಕೋಶಗಳ ಕಥೆಗೆ 2025ರ ವೈದ್ಯಕೀಯ ನೊಬೆಲ್ ಬಂದಿದೆ. 1940ರ ದಶಕದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ವಿಕಿರಣದ ಪರಿಣಾಮ ನೋಡಲು ಸಾಕಿದ್ದ ಇಲಿಗಳ ನಡುವೆ ಹೊಟ್ಟು ಹೊಟ್ಟು ಚರ್ಮದ ಗಂಡುಮರಿಗಳು ಹುಟ್ಟಿದವು, ಕೆಲವೇ ವಾರಗಳಲ್ಲಿ ಸತ್ತವು. ದೋಷ ಹೊತ್ತೂ ಆರೋಗ್ಯವಾಗಿದ್ದ ಹೆಣ್ಣಿಲಿಗಳಿಂದ ತಳಿಯನ್ನು ಉಳಿಸಿಕೊಂಡು ಬಂದರು. ಯಾವ ಉಪಯೋಗಕ್ಕೆ ಎಂದು ಆಗ ಯಾರೂ ಹೇಳಲು ಸಾಧ್ಯವಿರಲಿಲ್ಲ. ಅರ್ಧ ಶತಮಾನದ ಮೇಲೆ, 2001ರಲ್ಲಿ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಆ ತಳಿಯಲ್ಲಿ ಕೆಟ್ಟ ಜೀನ್ ಯಾವುದೆಂದು ಹುಡುಕಿದರು: ಫಾಕ್ಸ್‌ಪಿ3. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲೇ ಕಾವಲು ಟಿ ಕೋಶಗಳನ್ನು ತೋರಿಸಿದ್ದರು. ಅವುಗಳ ಬೆಳವಣಿಗೆಯನ್ನು ನಡೆಸುವುದು ಇದೇ ಜೀನ್ ಎಂದು 2003ರಲ್ಲಿ ಹೇಳಿದರು. ಇವತ್ತಿನ ಐದನೇ ಪಂಜರದ ಇಲಿಯಲ್ಲಿ ಹಸಿರು ಹೊಳೆದದ್ದೂ ಅದೇ ಜೀನಿಗೆ ಹೊಂದಿಸಿದ ಪ್ರೋಟೀನು. ಬಹುಮಾನ ಮೂವರಿಗೆ. ಐವತ್ತು ವರ್ಷ ಪಂಜರ ತೊಳೆದವರ ಪಟ್ಟಿ ಎಲ್ಲೂ ಇಲ್ಲ.

ಮಧ್ಯಾಹ್ನ ಮೆಸ್ಸಿನಲ್ಲಿ ಅನ್ನ ಸಾರು, ಹತ್ತೇ ನಿಮಿಷ. ಕೋಶಗಳಿಂದ ಆರ್‌ಎನ್‌ಎ ತೆಗೆಯುವಷ್ಟರಲ್ಲಿ ನಾಲ್ಕು ಗಂಟೆ. ಹಿಂದಿನ ವಾರಗಳ ಮಾದರಿಗಳ ಜೊತೆ ಇವತ್ತಿನದನ್ನೂ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಡ್ರೈ ಐಸ್ ಸುರಿದು, ಕ್ಯಾಬ್ ಹತ್ತುತ್ತೀರಿ. ಆ ಮಾದರಿಗಳನ್ನು ಓದಿಸಲು ಹೋಗಬೇಕಾದದ್ದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ, ಹತ್ತು ಕಿಲೋಮೀಟರಿನ ಆಸುಪಾಸು.

"ಗ್ಲಾಸ್ ಸ್ವಲ್ಪ ಇಳಿಸಿ ಅಣ್ಣ, ಡ್ರೈ ಐಸ್ ಇದೆ."

"ಐಸ್‌ಕ್ರೀಮಾ ಮೇಡಂ?"

ಡ್ರೈ ಐಸ್ ಕರಗಿದರೆ ನೀರಾಗುವುದಿಲ್ಲ, ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಮುಚ್ಚಿದ ಕಾರಿನಲ್ಲಿ ಉಸಿರು ಕಟ್ಟೀತು. ಅದನ್ನು ವಿವರಿಸುವಷ್ಟರಲ್ಲಿ ಮೇಖ್ರಿ ವೃತ್ತ, ಆಮೇಲೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬೆಂಗಳೂರು ನಿಮ್ಮನ್ನು ನಿಲ್ಲಿಸಿಯೇ ನಿಲ್ಲಿಸುತ್ತದೆ. ನಗರದ ವಿಜ್ಞಾನವೆಲ್ಲ ಈ ದಟ್ಟಣೆಯ ಕೃಪೆಯಲ್ಲಿದೆ.

ಆ ವಿಶಾಲ ಜಾಗದ ಒಂದು ಮೂಲೆಯಲ್ಲಿ ಜೀವವಿಜ್ಞಾನದ ಮೂರು ಸಂಸ್ಥೆಗಳು ಒಂದಕ್ಕೊಂದು ಅಂಟಿಕೊಂಡಿವೆ: ಎನ್‌ಸಿಬಿಎಸ್, ಇನ್‌ಸ್ಟೆಮ್, ಸಿ-ಕ್ಯಾಂಪ್. ಸಿ-ಕ್ಯಾಂಪ್ ಅನ್ನು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2009ರಲ್ಲಿ ಶುರುಮಾಡಿತು. ದುಬಾರಿ ಯಂತ್ರಗಳನ್ನು ಒಂದೆಡೆ ಇಟ್ಟು, ಹೊರಗಿನ ವಿಜ್ಞಾನಿಗಳಿಗೂ ಸ್ಟಾರ್ಟಪ್ಪುಗಳಿಗೂ ಶುಲ್ಕಕ್ಕೆ ಸೇವೆ ಕೊಡುವುದು ಅದರ ಕೆಲಸಗಳಲ್ಲೊಂದು. ಕೋವಿಡ್ ಕಾಲದಲ್ಲಿ ವೈರಸ್ಸಿನ ರೂಪಾಂತರ ಹಿಡಿಯಲು 2020ರ ಡಿಸೆಂಬರಿನಲ್ಲಿ 10 ಪ್ರಯೋಗಾಲಯಗಳ ಇನ್ಸಾಕಾಗ್ ಜಾಲ ಕಟ್ಟಿದಾಗ ಬೆಂಗಳೂರಿನಿಂದ ಸೇರಿದ್ದು ನಿಮ್ಹಾನ್ಸ್ ಮತ್ತು ಇದೇ ಆವರಣ. ಯಂತ್ರ, ನುರಿತ ಕೈ ಎರಡೂ ಮೊದಲೇ ಇಲ್ಲಿ ಇದ್ದವು. ಹೊಸದಾಗಿ ಕೊಂಡು ಕಲಿಯುವಷ್ಟು ವ್ಯವಧಾನ ಆಗ ಯಾರಿಗಿತ್ತು?

ಕೌಂಟರಿನ ಹುಡುಗ ಟ್ಯೂಬಿನ ಮುಚ್ಚಳ ನೋಡಿ ಹೇಳುತ್ತಾನೆ: "ಹೆಸರು ಮಾರ್ಕರಿನಲ್ಲಿ ಬರೆದಿದೀರಿ, ಅಳಿಸಿಹೋಗುತ್ತೆ. ಲೇಬಲ್ ಅಂಟಿಸಿ." ಅಂಟಿಸುತ್ತಾಳೆ. ಮೊದಲು ಆರ್‌ಎನ್‌ಎ ಎಷ್ಟು ಗಟ್ಟಿಯಿದೆ ಎಂದು ನೋಡುತ್ತಾರೆ. ಹತ್ತಕ್ಕೆ ಅಂಕ. ಎಂಟರ ಮೇಲಿದ್ದರೆ ನೆಮ್ಮದಿ. ಇವಳದು 8.9. ಬೆಳಗಿನಿಂದ ಮೊದಲ ಸಲ ಅವಳು ನಗುವುದನ್ನು ನೋಡುತ್ತೀರಿ.

ಸಂಜೆ ಲ್ಯಾಬಿಗೆ ಮರಳಿದಾಗ ಸಹಪಾಠಿಯೊಬ್ಬ ಫ್ರಿಜ್ಜಿನ ಮುಂದೆ ಕುಣಿಯುತ್ತಿದ್ದಾನೆ, ಅಟ್ಲಾಂಟಾದಿಂದ ಅವನ ಟೆಟ್ರಾಮರ್ ಬಂದಿದೆ. ಒಂದು ನಿರ್ದಿಷ್ಟ ರೋಗಾಣುವಿನ ತುಣುಕನ್ನು ಗುರುತಿಸುವ ಟಿ ಕೋಶವನ್ನು ಮಾತ್ರ ಹಿಡಿಯುವ ಕೊಕ್ಕೆ ಅದು. ತಯಾರಿಸುವುದು ಕಷ್ಟ, ಎಲ್ಲರಿಗೂ ಒಗ್ಗುವುದಿಲ್ಲ. ಅದಕ್ಕಾಗಿ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1999ರಲ್ಲಿ ಎಮರಿ ವಿಶ್ವವಿದ್ಯಾಲಯದಲ್ಲಿ ಒಂದೇ ಕಡೆ ಅಡುಗೆಮನೆ ತೆರೆದಿದೆ. ಅರ್ಜಿ ಒಪ್ಪಿದರೆ ಮಾಡಿ ಕಳಿಸುತ್ತಾರೆ. ಇವಳು ಲ್ಯಾಪ್‌ಟಾಪ್ ತೆರೆದು ಇಮ್‌ಜೆನ್ ದತ್ತಾಂಶ ತೆಗೆಯುತ್ತಾಳೆ. 2008ರ ಹೊತ್ತಿಗೆ ಶುರುವಾದ ಈ ಯೋಜನೆಯಲ್ಲಿ ಹಲವು ಲ್ಯಾಬುಗಳು ಒಂದೇ ಬಗೆಯ ಇಲಿಯಿಂದ, ಒಂದೇ ಕ್ರಮದಲ್ಲಿ ಕೋಶ ಬೇರ್ಪಡಿಸಿ, ಒಂದೇ ಜಾಗದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರಿಗೂ ಬಿಟ್ಟಿವೆ. ತನ್ನ ಕೋಶಗಳು ಹೇಗಿರಬೇಕು ಎಂಬುದಕ್ಕೆ ಅದೇ ಅವಳ ಅಳತೆಗೋಲು.

ಹಂಚಿಕೊಂಡರೆ ಯಂತ್ರ ಎಲ್ಲರದೂ ಹೌದು, ಯಾರದೂ ಅಲ್ಲ ಎಂಬ ಅಪಾಯವೂ ಹೌದು. ನಾನು ಕಂಡ ಒಂದು ವಿಶ್ವವಿದ್ಯಾಲಯದಲ್ಲಿ (ಯಾವುದೆಂದು ಬೇಡ) ಒಳ್ಳೆಯ ಮೈಕ್ರೋಸ್ಕೋಪ್ ಒಂದಕ್ಕೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿ ಬೀಗ ಹಾಕಿದ್ದರು. ಕೊಳ್ಳಲು ಅನುದಾನ ಬಂದಿತ್ತು, ದುರಸ್ತಿ ಕರಾರಿಗೂ ನಡೆಸುವವರ ಸಂಬಳಕ್ಕೂ ಬಂದಿರಲಿಲ್ಲ. ನಮ್ಮಲ್ಲಿ ಉದ್ಘಾಟನೆ ಆಗುವುದು ಯಂತ್ರಕ್ಕೆ. ಎಳೆ ನಡುಗಿದ್ದನ್ನು ಕಣ್ಣಳತೆಯಲ್ಲೇ ಹಿಡಿಯುವ ಆಪರೇಟರ್ ತಯಾರಾಗಲು ವರ್ಷಗಳು ಬೇಕು, ಆದರೆ ಇಂಥ ಕೆಲಸ ಮಾಡುವ ಬಹಳ ಮಂದಿ ಯೋಜನೆ ಮುಗಿದರೆ ಕೆಲಸವೂ ಮುಗಿಯುವ ಗುತ್ತಿಗೆಯವರು. ಅವರು ಹೋದರೆ ಯಂತ್ರ ಉಳಿಯುತ್ತದೆ, ವಿದ್ಯೆ ಹೋಗುತ್ತದೆ. ಕಾಯಂ ಹುದ್ದೆ ಮೊದಲು, ಯಂತ್ರ ಆಮೇಲೆ ಎಂಬ ಕ್ರಮಕ್ಕೆ ಅನುದಾನ ಕೊಡುವವರು ಬರಬೇಕು. ಪ್ರಬಂಧ ಬರೆಯುವವರೂ ಗೇಟ್ ತಿದ್ದಿದ ಕೈಗೆ ಕೊನೆಯ ಸಾಲಿನ ಕೃತಜ್ಞತೆಗಿಂತ ಹೆಚ್ಚಿನದು ಸಲ್ಲಬೇಕೇ ಎಂದು ಒಮ್ಮೆ ಯೋಚಿಸಲಿ.

ಓದುತ್ತಿರುವವರಿಗೆ ಒಂದು ಮಾತು. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಐ-ಸ್ಟೆಮ್ ಎಂಬ ರಾಷ್ಟ್ರೀಯ ಜಾಲತಾಣ ಉದ್ಘಾಟನೆಯಾಯಿತು. ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರವಿದೆ ಎಂದು ಅದರಲ್ಲಿ ಹುಡುಕಬಹುದು, ಬೇರೆ ಊರಿನ ಸಂಶೋಧಕರೂ ಶುಲ್ಕ ಕಟ್ಟಿ ಕಾದಿರಿಸಬಹುದು. ನಿಮ್ಮ ಮನೆಯ ಮಗಳೋ ಮಗನೋ ಕಲಬುರಗಿಯಲ್ಲಿ, ದಾವಣಗೆರೆಯಲ್ಲಿ, ಕಾರವಾರದಲ್ಲಿ ಜೀವವಿಜ್ಞಾನದ ಸಂಶೋಧನೆಗೆ ಇಳಿದು "ನಮ್ಮ ಕಾಲೇಜಿನಲ್ಲಿ ಆ ಯಂತ್ರವಿಲ್ಲ" ಎಂದು ಕೈಚೆಲ್ಲಿ ಕೂತಿದ್ದರೆ, ಮೊದಲು ಅಲ್ಲಿ ನೋಡಲು ಹೇಳಿ. ಸ್ಲಾಟ್ ಸಿಕ್ಕಿದ ಮೇಲೆ ಕೋಶಗಳನ್ನು ಮೂರು ಸಲ ಫಿಲ್ಟರ್ ಮಾಡಿಕೊಂಡು ಹೋಗಲಿ.